ಸ್ಕೀ ಮಾಡದವರನ್ನು ಮೊದಲು ಕೇಳಿ

ಚಳಿಗಾಲ ಹತ್ತಿರ ಬಂತೆಂದರೆ ನನ್ನ ಕ್ಲಿನಿಕ್‌ನಲ್ಲಿ ಮೊಣಕಾಲು ನೋವಿನ ಮಾತಿನ ನಡುವೆ ಈ ಪ್ರಶ್ನೆಯೂ ಬರುತ್ತದೆ. "ಮೇಡಂ, ನೀವು ಕಾಶ್ಮೀರಕ್ಕೆ ಹೋಗಿ ಸ್ಕೀ ಮಾಡಿ ಬಂದಿರಂತೆ. ನಮ್ಮ ಮಕ್ಕಳೂ ಹಟ ಹಿಡಿದಿದ್ದಾರೆ. ಎಲ್ಲಿಗೆ ಹೋದರೆ ಚೊಲೋ? ಗುಲ್ಮಾರ್ಗೋ, ಮನಾಲಿಯೋ, ಔಲಿಯೋ?" ಊರಿನ ಹೆಸರು ಹೇಳುವ ಮೊದಲು ನಾನು ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆಯಿಂದ ಹೋಗುವವರಲ್ಲಿ ಸ್ಕೀ ಮಾಡದವರು ಯಾರು?

ಈ ಪ್ರಶ್ನೆ ಯಾರೂ ಕೇಳಿಕೊಂಡಿರುವುದಿಲ್ಲ. ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು ಬಿಳಿ ಗುಡ್ಡದಲ್ಲಿ ಹಿಮದ ಮೇಲೆ ಜಾರುವವರ ವಿಡಿಯೋ ಫೋನಿನಲ್ಲಿ ನೋಡುತ್ತೇವೆ, ಅಲ್ಲಿಗೇ ಟಿಕೆಟ್ ಹುಡುಕುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿ. ಹೊಸದಾಗಿ ಕಲಿಯುವವರು ದಿನಕ್ಕೆ ಎರಡು ಮೂರು ತಾಸು ಸ್ಕೀ ಮಾಡಿದರೆ ಹೆಚ್ಚು. ಅಷ್ಟರಲ್ಲಿ ತೊಡೆ ಸೋತು ಹೋಗುತ್ತದೆ. ಉಳಿದ ಹೊತ್ತೆಲ್ಲ ರೂಮು, ಊಟ, ಬಿಸಿನೀರು, ಒದ್ದೆ ಸಾಕ್ಸು. ಸ್ಕೀ ಮಾಡದವರಿಗಂತೂ ಇಡೀ ದಿನ ಅದೇ. ಅವರ ದಿನ ಚೆನ್ನಾಗಿ ಕಳೆಯದಿದ್ದರೆ ಮನೆಮಂದಿಯ ಪ್ರವಾಸ ಅಲ್ಲಿಗೇ ಹಾಳು.

ನಾನು ಕಾರವಾರದಲ್ಲಿ ಫಿಸಿಯೋಥೆರಪಿಸ್ಟ್. ನಮ್ಮನೆಯವರದು ಸಿರ್ಸಿ ಕಡೆ ಅಡಿಕೆ ತೋಟದ ಮನೆ. ಮಾವ ಅತ್ತೆ ಅಲ್ಲೇ ಇದ್ದಾರೆ. ಮಗಳು ಏಳನೇ ಕ್ಲಾಸಿನಲ್ಲಿ, ಮಗ ಮೂರರಲ್ಲಿ ಇದ್ದಾಗ ಈ ಸ್ಕೀ ಮಾತು ಶುರುವಾಯಿತು. ಹೋಗುವುದಾದರೆ ಅತ್ತೆಯನ್ನು ಕರೆದುಕೊಂಡೇ ಹೋಗಬೇಕು ಅನ್ನುವುದು ನನ್ನ ಹಟ. ಅರವತ್ತೆಂಟು ವರ್ಷದ ಅವರು ಹುಬ್ಬಳ್ಳಿ, ಧರ್ಮಸ್ಥಳ ಬಿಟ್ಟರೆ ಹೆಚ್ಚು ಊರು ನೋಡಿಲ್ಲ. ಬಲ ಮೊಣಕಾಲಿನಲ್ಲಿ ಸವೆತ ಇದೆ, ಬಿಪಿ ಮಾತ್ರೆ ನಡೆಯುತ್ತಿದೆ. "ಆನು ಮನೆ ಕಾಯ್ಕ್ಯಂಡು ಇರ್ತಿ, ನಿಂಗ ಹೋಗ್ಬನ್ನಿ" ಅಂದರು. ಮಾವನೇ ಅವರನ್ನು ಒಪ್ಪಿಸಿದರು. ಮಾವನಿಗಂತೂ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ತೋಟ ಬಿಟ್ಟು ಕದಲುವ ಹಾಗಿರಲಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಪ್ರತಿ ಊರನ್ನೂ ಅತ್ತೆಯ ಕಡೆಯಿಂದ ನೋಡಿದೆವು. ಅವರು ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ? ಎಷ್ಟು ಮೆಟ್ಟಿಲು ಹತ್ತಬೇಕು? ಮೊಮ್ಮಕ್ಕಳು ಜಾರುವುದನ್ನು ಕೂತಲ್ಲಿಂದ ನೋಡಬಹುದಾ? ಈ ಮೂರಕ್ಕೂ ಉತ್ತರ ಸಿಕ್ಕರೆ ಸಣ್ಣ ಮಕ್ಕಳಿಗೂ ಆ ಊರು ಸರಿಹೋಗುತ್ತದೆ. ಮುದುಕರಿಗೆ ಬೇಕಾದದ್ದು, ಎಂಟು ವರ್ಷದ ಮಗುವಿಗೆ ಬೇಕಾದದ್ದು ಹೆಚ್ಚುಕಡಿಮೆ ಒಂದೇ.

ಮಗಳು ಮೊದಲು ಹೇಳಿದ್ದು ದುಬೈ. ಅವಳ ಕ್ಲಾಸಿನ ಭಟ್ಕಳದ ಹುಡುಗಿಯೊಬ್ಬಳು ಚಿಕ್ಕಪ್ಪನ ಮನೆಗೆ ಹೋಗಿದ್ದಾಗ ಸ್ಕೀ ದುಬೈ ನೋಡಿ ಬಂದಿದ್ದಳು. ಅದು ಮಾಲ್ ಆಫ್ ದಿ ಎಮಿರೇಟ್ಸ್ ಒಳಗೆ 2005ರಲ್ಲಿ ಶುರುವಾದ ಜಾಗ. ಚಾವಣಿಯ ಕೆಳಗೆ ಹಿಮ, ಉದ್ದದ ಇಳಿಜಾರು ಸುಮಾರು 400 ಮೀಟರ್. ವರ್ಷವಿಡೀ ಹಿಮ ಖಾತ್ರಿ, ಹೊರಗೆ ಬಂದರೆ ಸೆಕೆ. ನೆಂಟರಿದ್ದು ಹೇಗೂ ಅಲ್ಲಿಗೆ ಹೋಗುವವರಿಗೆ ಮಕ್ಕಳಿಗೆ ಮೊದಲ ಪಾಠ ಮಾಡಿಸಲು ಒಳ್ಳೆಯದೇ. ಅದಕ್ಕಾಗಿಯೇ ಇಲ್ಲಿಂದ ಹೋಗುವುದು ನನಗೆ ಬೇಡವಾಗಿತ್ತು. ಆಕಾಶದಿಂದ ಹಿಮ ಬೀಳುವುದನ್ನು ಅತ್ತೆ ನೋಡಬೇಕು ಅನ್ನುವುದೇ ಅರ್ಧ ಆಸೆ.

ನಮ್ಮನೆಯವರ ಮನಸ್ಸು ಔಲಿಯ ಮೇಲಿತ್ತು. ಉತ್ತರಾಖಂಡದ ಚಮೋಲಿ ಜಿಲ್ಲೆ. ಎದುರಿಗೆ 7816 ಮೀಟರ್‌ನ ನಂದಾದೇವಿ ಕಾಣುತ್ತದೆ. 2011ರಲ್ಲಿ ದಕ್ಷಿಣ ಏಷ್ಯಾದ ಚಳಿಗಾಲದ ಕ್ರೀಡಾಕೂಟ ನಡೆದದ್ದು ಡೆಹ್ರಾಡೂನ್ ಮತ್ತು ಔಲಿಯಲ್ಲಿ. ಗಢವಾಲ್ ಮಂಡಲ್ ವಿಕಾಸ್ ನಿಗಮ ಅಲ್ಲಿ ಏಳು ದಿನದ, ಹದಿನಾಲ್ಕು ದಿನದ ಸ್ಕೀ ಕೋರ್ಸ್ ನಡೆಸುತ್ತದೆ. ನಿಜವಾಗಿ ಕಲಿಯಬೇಕು ಅನ್ನುವ ಇಪ್ಪತ್ತರ ಹರೆಯದವರಿಗೆ ನಾನು ಇವತ್ತಿಗೂ ಔಲಿಯನ್ನೇ ಹೇಳುತ್ತೇನೆ. ಇಳಿಜಾರು ಉದ್ದವಾಗಿ, ಹದವಾಗಿದೆ. ಕೋರ್ಸಿನ ಶಿಸ್ತೂ ಇದೆ.

ಆದರೆ ದಾರಿ. ರಿಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್, ಪೂರ್ತಿ ಘಟ್ಟ. ಚಳಿಗಾಲದಲ್ಲಿ ಹತ್ತು ತಾಸು ಹಿಡಿದರೂ ಹಿಡಿಯಿತು. ದೇವಿಮನೆ ಘಟ್ಟದಲ್ಲೇ ಮಗನಿಗೆ ವಾಂತಿ ಬರುತ್ತದೆ. ಮೊದಲೆಲ್ಲ ಜೋಶಿಮಠದಿಂದ ಔಲಿಗೆ ನಾಲ್ಕು ಕಿಲೋಮೀಟರ್ ಉದ್ದದ ರೋಪ್‌ವೇ ಇತ್ತು. ಸ್ಕೀ ಮಾಡದವರು ಅದರಲ್ಲೇ ಹೋಗಿ ಬಂದು ಖುಷಿಪಡುತ್ತಿದ್ದರು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ಆ ರೋಪ್‌ವೇ ನಿಂತಿತು. ನಾವು ವಿಚಾರಿಸುವಾಗ ರಸ್ತೆಯಲ್ಲೇ ಮೇಲೆ ಹೋಗಬೇಕಿತ್ತು. ಹಿಮ ಬಿದ್ದು ಆ ರಸ್ತೆ ಕಟ್ಟಿದರೆ ಅತ್ತೆಯನ್ನು ಹೇಗೆ ಇಳಿಸುವುದು? ನಮ್ಮನೆಯವರು ಆ ರಾತ್ರಿಯೇ ಔಲಿ ಬಿಟ್ಟರು.

ಮನಾಲಿಯ ಬಗ್ಗೆ ಬಹಳ ಯೋಚಿಸಿದೆ. ನನ್ನ ವೃತ್ತಿಯವರ ಕಣ್ಣಿಗೆ ಅದರಲ್ಲಿ ಒಂದು ದೊಡ್ಡ ಗುಣ ಕಾಣುತ್ತದೆ. ಮನಾಲಿ ಪೇಟೆ ಇರುವುದು ಸುಮಾರು 2050 ಮೀಟರ್ ಎತ್ತರದಲ್ಲಿ. ಸ್ಕೀ ಮಾಡುವ ಸೋಲಂಗ್ ಕಣಿವೆ ಅಲ್ಲಿಂದ ಹದಿಮೂರು ಹದಿನಾಲ್ಕು ಕಿಲೋಮೀಟರ್ ಮೇಲೆ. ಅಂದರೆ ಹಗಲು ಮೇಲೆ ಹೋಗಿ ರಾತ್ರಿ ಕೆಳಗೆ ಬಂದು ಮಲಗಬಹುದು. ಎತ್ತರದ ತೊಂದರೆ ಸಾಮಾನ್ಯವಾಗಿ 2500 ಮೀಟರ್ ದಾಟಿದ ಮೇಲೆ ಕಾಣಿಸುತ್ತದೆ, ಅದರಲ್ಲೂ ಮಲಗುವ ಜಾಗದ ಎತ್ತರ ಮುಖ್ಯ. ಸಮುದ್ರದ ಮಟ್ಟದಲ್ಲಿ ಬದುಕುವ ನಮಗೆ ಇದು ಸಣ್ಣ ಮಾತಲ್ಲ. ಪೇಟೆಯಲ್ಲಿ ಹಿಡಿಂಬೆ ಗುಡಿ ಇದೆ, ವಸಿಷ್ಠದಲ್ಲಿ ಬಿಸಿನೀರಿನ ಬುಗ್ಗೆ ಇದೆ, ಅತ್ತೆಗೆ ಹೊತ್ತು ಹೋಗುತ್ತದೆ. ಸೋಲಂಗ್‌ನಲ್ಲಿ ಹಿಮ ಇಲ್ಲದಿದ್ದರೆ 2020ರಲ್ಲಿ ತೆರೆದ ಒಂಬತ್ತು ಕಿಲೋಮೀಟರ್‌ನ ಅಟಲ್ ಸುರಂಗ ದಾಟಿ ಸಿಸ್ಸುವಿಗೆ ಹೋಗಿ ಹಿಮ ನೋಡಬಹುದು.

ತೊಂದರೆ ಏನೆಂದರೆ, ಸೋಲಂಗ್‌ನ ಇಳಿಜಾರು ಸಣ್ಣದು. ಅಲ್ಲೇ ಟ್ಯೂಬು, ಸ್ಕೂಟರು, ಫೋಟೋದವರು, ದಿನದ ಮಟ್ಟಿಗೆ ಬಂದ ಜನ. ಬ್ರೇಕ್ ಹಾಕಲು ಬಾರದ ಮಗು ಆ ಜನರ ನಡುವೆ ಜಾರುವುದು ನನಗೆ ಇಷ್ಟವಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಆ ಹದಿಮೂರು ಕಿಲೋಮೀಟರ್‌ಗೆ ಅರ್ಧ ದಿನ ಹೋಗುವುದೂ ಉಂಟು. ಮನಾಲಿಯ ಪರ್ವತಾರೋಹಣ ಸಂಸ್ಥೆಯ ಸ್ಕೀ ಕೋರ್ಸ್ ಬೇರೆ ವಿಷಯ, ಅದು ವಾರಗಟ್ಟಲೆ ಇದ್ದು ಕಲಿಯುವವರಿಗೆ. ಹಿಮ ನೋಡಬೇಕು, ಸ್ಕೀ ಒಂದು ಗಂಟೆ ಮುಟ್ಟಿ ನೋಡಿದರೆ ಸಾಕು ಅನ್ನುವ ಮನೆಯವರಿಗೆ ಮನಾಲಿಯೇ ಸರಿ. ನಮ್ಮ ಮಗಳಿಗೆ ಕಲಿಯಬೇಕಿತ್ತು.

ಹಾಗೆ ಉಳಿದದ್ದು ಗುಲ್ಮಾರ್ಗ್. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್, ಎತ್ತರ 2650 ಮೀಟರ್. ಸುತ್ತ ಕಾಡಿನ ಗುಡ್ಡ, ನಡುವೆ ಬೋಗುಣಿಯ ಹಾಗೆ ತಗ್ಗಾದ ದೊಡ್ಡ ಬಯಲು. ಆ ಬಯಲಿನ ಅಂಚಿನಲ್ಲೇ ಹೊಸಬರ ಇಳಿಜಾರುಗಳು, ಅವುಗಳ ಪಕ್ಕದಲ್ಲೇ ಹೋಟೆಲುಗಳು. ರೂಮಿನಿಂದ ನಡೆದುಕೊಂಡೇ ಹೋಗಬಹುದು, ಮಗುವಿಗೆ ಚಳಿಯಾದರೆ ಹತ್ತು ನಿಮಿಷದಲ್ಲಿ ವಾಪಸ್ ಬರಬಹುದು. ಇದೊಂದೇ ಕಾರಣಕ್ಕೆ ನಾನು ಅದನ್ನು ಆರಿಸಿದೆ. ಜಗತ್ತಿನ ಸ್ಕೀ ಮಾಡುವವರು ಗುಲ್ಮಾರ್ಗ್‌ಗೆ ಬರುವುದು ಮೇಲಿನ ಅಫರ್ವತ್ ಪರ್ವತಕ್ಕಾಗಿ. ನಾವು ಹೋದದ್ದು ಕೆಳಗಿನ ಬಯಲಿಗಾಗಿ.

ಊರು ನಿಕ್ಕಿಯಾದ ಮೇಲೆ ದಿನ ಯಾವುದು ಅನ್ನುವುದು ಅದಕ್ಕಿಂತ ಕಷ್ಟ. ನಮ್ಮಲ್ಲಿ ದಸರಾ ರಜೆ ಅಕ್ಟೋಬರ್‌ನಲ್ಲಿ, ದೊಡ್ಡ ರಜೆ ಏಪ್ರಿಲ್ ಮೇನಲ್ಲಿ. ಎರಡರಲ್ಲೂ ಸ್ಕೀ ಇಲ್ಲ. ಕ್ರಿಸ್‌ಮಸ್ ಹೊತ್ತಿಗೆ ಕೆಲವು ಶಾಲೆಗಳಿಗೆ ನಾಲ್ಕು ದಿನ ಸಿಗುತ್ತದೆ. ಆದರೆ ಆಗ ರೇಟು ಆಕಾಶಕ್ಕೆ, ಹಿಮ ಬೀಳುತ್ತದೋ ಇಲ್ಲವೋ ಹೇಳುವಂತಿಲ್ಲ. ಕಾಶ್ಮೀರದವರು ಕಡು ಚಳಿಯ ನಲವತ್ತು ದಿನಕ್ಕೆ ಚಿಲ್ಲಾಯಿ ಕಲಾನ್ ಅನ್ನುತ್ತಾರೆ. ಅದು ಶುರುವಾಗುವುದೇ ಡಿಸೆಂಬರ್ 21ಕ್ಕೆ. ಚಳಿ ಇದ್ದ ಮಾತ್ರಕ್ಕೆ ಹಿಮ ಬರುವುದಿಲ್ಲ. ಪಶ್ಚಿಮದಿಂದ ಮೋಡ ಹೊತ್ತು ತರುವ ಗಾಳಿ ಬರಬೇಕು. 2024ರ ಜನವರಿಯಲ್ಲಿ ಅದು ಬರಲಿಲ್ಲ. ಗುಲ್ಮಾರ್ಗ್‌ನ ಬಯಲು ಕಂದು ಬಣ್ಣಕ್ಕೆ ಒಣಗಿ ನಿಂತ ಫೋಟೋ ಎಲ್ಲ ಪೇಪರಿನಲ್ಲೂ ಬಂತು. ನಮ್ಮ ಟಿಕೆಟ್ ಇದ್ದದ್ದು ಫೆಬ್ರವರಿಗೆ. ಜನವರಿ ಕೊನೆಯಲ್ಲಿ ಹಿಮ ಶುರುವಾಯಿತು. ನಾವು ಹೋಗುವಷ್ಟರಲ್ಲಿ ಬಯಲು ತುಂಬಿತ್ತು.

ಇದು ಆ ಒಂದು ವರ್ಷದ ಕಥೆ ಅಂದುಕೊಳ್ಳಬೇಡಿ. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಭಾಗ ಫೆಬ್ರವರಿಯಲ್ಲಿ ನಡೆಯಬೇಕಿತ್ತು. ಹಿಮ ಸಾಲದೆ ಮುಂದೆ ಹೋಗಿ ಮಾರ್ಚ್ ಎರಡನೇ ವಾರ ನಡೆಯಿತು. ದೇಶದ ಆಟಗಾರರಿಗೇ ಹೀಗಾದರೆ ಡಿಸೆಂಬರ್ ನಂಬಿ ಹೋಗುವ ನಾವು ಏನು ಮಾಡೋಣ? ಫೆಬ್ರವರಿಯ ಮೊದಲ ಎರಡು ವಾರ ನನ್ನ ಆಯ್ಕೆ. ಹಿಮ ಇರುವ ಸಾಧ್ಯತೆ ಜಾಸ್ತಿ, ಹಗಲು ಉದ್ದವಾಗಿರುತ್ತದೆ, ಬಿಸಿಲು ಬಿದ್ದರೆ ಹೊರಗೆ ಕೂರಬಹುದು. ಮಕ್ಕಳಿಗೆ ಒಂದು ವಾರ ಶಾಲೆ ತಪ್ಪಿತು. ಮೊದಲೇ ಹೋಗಿ ಟೀಚರ್ ಹತ್ತಿರ ಮಾತಾಡಿದ್ದೆ, ಅಡ್ಡಿಲ್ಲ ಅಂದರು. ಹತ್ತನೇ ಕ್ಲಾಸಿನ ಮಕ್ಕಳಿದ್ದರೆ ಇದು ಆಗುವ ಮಾತಲ್ಲ. ಅಂಥವರು ಆ ವರ್ಷ ಬಿಟ್ಟುಬಿಡಿ.

ಸಿರ್ಸಿ ಕಡೆಯವರಿಗೆ ಇನ್ನೊಂದು ಗಂಟು ಇದೆ. ಚಳಿಗಾಲ ಅಂದರೆ ಅಡಿಕೆ ಕೊಯ್ಲು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಯಾವ ದಿನ ಸಿಗುತ್ತಾನೋ ಆ ದಿನವೇ ಕೊಯ್ಲು. ಕೊಯ್ದ ಮೇಲೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಯಾವುದಕ್ಕೂ ನಾಳೆ ಅನ್ನುವಂತಿಲ್ಲ. ಆ ಸಾಲಿನಲ್ಲಿ ಎರಡನೇ ಕೊಯ್ಲು ಮುಗಿಯುವ ಹೊತ್ತಿಗೆ ಅತ್ತೆಯನ್ನು ಹೊರಡಿಸಿದೆವು. ಮಾರ್ಚ್‌ನಲ್ಲಿ ಸಿರ್ಸಿ ಮಾರಿಕಾಂಬೆ ಜಾತ್ರೆ ಇತ್ತು, ನೆಂಟರು ಬರುವ ಮೊದಲು ಅವರು ಮನೆ ಸೇರಬೇಕಿತ್ತು.

ಹೋಟೆಲಿಗೆ ಫೋನ್ ಮಾಡಿದಾಗ ನಾನು ಗುಡ್ಡದ ವ್ಯೂ ಬಗ್ಗೆ ಕೇಳಲಿಲ್ಲ. ಕರೆಂಟ್ ಹೋದರೆ ರೂಮು ಹೇಗೆ ಬಿಸಿ ಇರುತ್ತದೆ ಅಂತ ಕೇಳಿದೆ. ಕೆಲವರು ಬುಖಾರಿ ಅಂದರು, ಅಂದರೆ ಕಟ್ಟಿಗೆ ಅಥವಾ ಇದ್ದಿಲು ಹಾಕುವ ಕಬ್ಬಿಣದ ಒಲೆ. ಅದಕ್ಕೆ ಹೊಗೆ ಹೋಗುವ ಕೊಳವೆ ಸರಿಯಾಗಿರಬೇಕು. ಮುಚ್ಚಿದ ರೂಮಿನಲ್ಲಿ ಇದ್ದಿಲು ಉರಿಸಿ ಮಲಗಿದರೆ ಕಾರ್ಬನ್ ಮಾನಾಕ್ಸೈಡ್‌ನಿಂದ ಜೀವವೇ ಹೋಗಬಹುದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾವು ಜನರೇಟರ್ ಇರುವ, ಸೆಂಟ್ರಲ್ ಹೀಟಿಂಗ್ ಇರುವ ಕಡೆ ಸ್ವಲ್ಪ ಹೆಚ್ಚು ಕೊಟ್ಟೆವು. ಆ ಹಣ ಸಾರ್ಥಕ. ಆಮೇಲೆ ಕೇಳಿದ್ದು: ನೆಲಮಹಡಿಯ ರೂಮು ಇದೆಯಾ, ಕಮೋಡ್ ಇದೆಯಾ, ಸಸ್ಯಾಹಾರದ ಅಡುಗೆಮನೆ ಬೇರೆ ಇದೆಯಾ. ಕೊನೆಯದಕ್ಕೆ ಹೌದು ಅಂದವರು ಸಿಕ್ಕಿದ ಮೇಲೆಯೇ ಅತ್ತೆ ಬ್ಯಾಗು ತುಂಬಲು ಶುರು ಮಾಡಿದ್ದು. ಆದರೂ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ಬಂದವು ಅನ್ನಿ.

ಬಟ್ಟೆಯ ಚಿಂತೆ ಬಹಳ ಮಾಡಬೇಡಿ. ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಉಣ್ಣೆ ಟೋಪಿ, ಕೈಗವಸು, ಸ್ವೆಟರ್ ಕೊಂಡೆವು. ದಪ್ಪ ಕೋಟು, ಗಮ್‌ಬೂಟು ಗುಲ್ಮಾರ್ಗ್ ದಾರಿಯಲ್ಲಿ ಕೆಳಗೆ ಸಿಗುವ ಟಂಗ್‌ಮಾರ್ಗ್ ಊರಿನಲ್ಲೇ ಬಾಡಿಗೆಗೆ ಸಿಗುತ್ತವೆ. ಮೈಗೆ ತಾಗುವ ಬಟ್ಟೆ ಮಾತ್ರ ಹತ್ತಿಯದ್ದು ಬೇಡ. ಬೆವರಿದರೆ ಅದು ಒಣಗುವುದಿಲ್ಲ, ಚಳಿ ಅಲ್ಲಿಂದಲೇ ಹತ್ತುತ್ತದೆ. ಕಪ್ಪು ಕನ್ನಡಕ ಎಲ್ಲರಿಗೂ ಬೇಕು, ಸ್ಕೀ ಮಾಡದವರಿಗೂ ಬೇಕು. ಹಿಮದ ಮೇಲಿನ ಬಿಸಿಲು ಕಣ್ಣನ್ನು ಸುಡುತ್ತದೆ. ಇನ್ನೊಂದು ವಿಷಯ, ನಮ್ಮ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ.

ಇಲ್ಲಿಂದ ಹೋಗುವ ದಾರಿ ಸುಲಭ. ಕಾರವಾರದಿಂದ ಗೋವಾದ ದಾಬೋಳಿ ಎರಡು ಎರಡೂವರೆ ತಾಸು, ಅಲ್ಲಿಂದ ದೆಹಲಿ, ದೆಹಲಿಯಿಂದ ಶ್ರೀನಗರ. ಸಿರ್ಸಿಯವರಿಗೆ ಹುಬ್ಬಳ್ಳಿ ಹತ್ತಿರ. ಶ್ರೀನಗರದಲ್ಲಿ ಇಳಿದ ದಿನವೇ ಗುಲ್ಮಾರ್ಗ್‌ಗೆ ಓಡಬೇಡಿ. ಶ್ರೀನಗರ ಸುಮಾರು 1600 ಮೀಟರ್, ಅಲ್ಲಿ ಎರಡು ರಾತ್ರಿ ಕಳೆದರೆ ಮೈ ಹೊಂದಿಕೊಳ್ಳುತ್ತದೆ. ವಾಪಸ್ ಬರುವಾಗಲೂ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ, ಹಿಮ ಬಿದ್ದರೆ ವಿಮಾನ ನಿಲ್ಲುತ್ತದೆ. ಟಂಗ್‌ಮಾರ್ಗ್‌ನಿಂದ ಮೇಲಿನ ಹದಿಮೂರು ಕಿಲೋಮೀಟರ್‌ಗೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೇ ಬೇಕು.

ಈಗ ನನ್ನ ಕೆಲಸದ ವಿಷಯಕ್ಕೆ ಬರುತ್ತೇನೆ. ಯಾವ ಊರಿಗೆ ಹೋದರೂ ಇದು ಒಂದೇ.

ಸ್ಕೀಯಲ್ಲಿ ಪೆಟ್ಟು ಬೀಳುವುದು ಹೆಚ್ಚಾಗಿ ಮೊಣಕಾಲಿಗೆ. ಕಾಲಿಗೆ ಕಟ್ಟಿದ ಉದ್ದದ ಹಲಗೆ ಒಂದು ಕಡೆ ತಿರುಗುತ್ತದೆ, ಮೈ ಇನ್ನೊಂದು ಕಡೆ. ನಡುವೆ ಸಿಕ್ಕಿದ ಮೊಣಕಾಲಿನ ಒಳಗಿನ ಕಟ್ಟು ಹರಿಯುತ್ತದೆ. ಎಸಿಎಲ್ ಅಂತ ಕ್ರಿಕೆಟ್ ಆಟಗಾರರ ಸುದ್ದಿಯಲ್ಲಿ ಕೇಳಿರುತ್ತೀರಿ, ಅದೇ. ಇದನ್ನು ತಪ್ಪಿಸಲೆಂದೇ ಸ್ಕೀಯಲ್ಲಿ ಬೈಂಡಿಂಗ್ ಇದೆ. ಬೂಟನ್ನು ಹಲಗೆಗೆ ಹಿಡಿದಿಡುವ ಬಿಗಿ ಅದು. ಬಿದ್ದಾಗ ತಾನಾಗಿ ಬಿಟ್ಟುಕೊಳ್ಳಬೇಕು. ಎಷ್ಟು ಒತ್ತಡಕ್ಕೆ ಬಿಡಬೇಕು ಅನ್ನುವುದಕ್ಕೆ ಅದರ ಮೇಲೆ ಒಂದು ಸಣ್ಣ ಅಂಕಿಪಟ್ಟಿ ಇರುತ್ತದೆ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಎಷ್ಟು ಕಲಿತಿದ್ದೇವೆ, ಇಷ್ಟನ್ನೂ ನೋಡಿ ಅದನ್ನು ತಿರುಗಿಸಬೇಕು. ಬಾಡಿಗೆ ಅಂಗಡಿಯಲ್ಲಿ ಮಗನ ಕೈಗೆ ಬಂದ ಜೋಡಿಯಲ್ಲಿ ಹಿಂದಿನವರು ಬಳಸಿದ ಅಂಕಿಯೇ ಇತ್ತು, ಅವರು ಇವನಿಗಿಂತ ತೂಕದವರು. ನಾನು ಬಗ್ಗಿ ಬೆರಳಿಟ್ಟು ತೋರಿಸಿದೆ. ಅಂಗಡಿಯವರು ಸ್ಕ್ರೂಡ್ರೈವರ್ ತಂದು ಮುಂದೆ ಒಂದು, ಹಿಂದೆ ಒಂದು, ಎರಡನ್ನೂ ಇಳಿಸಿದರು. ಇನ್ನೊಂದು ಕಾಲಿನದನ್ನೂ ಮಾಡಿಸಿದೆ. ದಯವಿಟ್ಟು ಎಲ್ಲರೂ ಇದನ್ನು ಕೇಳಿ ಮಾಡಿಸಿಕೊಳ್ಳಿ. ಎರಡು ನಿಮಿಷದ ಕೆಲಸ.

ಬೂಟೂ ಅಷ್ಟೇ ಮುಖ್ಯ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ತಾಗಬೇಕು, ಮೊಣಕಾಲು ಮಡಚಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಹಿಮ್ಮಡಿ ಏಳಬಾರದು. ಒಂದೇ ಸಾಕ್ಸು. ಚಳಿ ಅಂತ ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಹೆಲ್ಮೆಟ್ ಇಲ್ಲದೆ ಮಕ್ಕಳನ್ನು ಬಿಡಬೇಡಿ.

ಹೋಗುವ ಎರಡು ತಿಂಗಳ ಮೊದಲಿಂದ ಮನೆಯಲ್ಲಿ ತಯಾರಿ ಮಾಡಿದೆವು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಇಲ್ಲದೆ ಕೂರುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು, ಸಂಜೆ ಟಾಗೋರ್ ಬೀಚಿನ ಮರಳಿನಲ್ಲಿ ಬೇಗ ಬೇಗ ನಡೆಯುವುದು. ಮರಳು ಪಾದ, ಮೊಣಕಾಲು ಎರಡಕ್ಕೂ ಒಳ್ಳೆಯ ಗುರು. ನಮ್ಮನೆಯವರಿಗೆ ಮೊದಲು ಗೋಡೆ ಒರಗಿ ಅರ್ಧ ನಿಮಿಷ ಕೂರಲು ಆಗುತ್ತಿರಲಿಲ್ಲ, ಹೊರಡುವ ಹೊತ್ತಿಗೆ ಎರಡು ನಿಮಿಷ ಕೂರುತ್ತಿದ್ದರು. ಅತ್ತೆಗೂ ಬೇರೆ ವ್ಯಾಯಾಮ ಕೊಟ್ಟಿದ್ದೆ. ಹಿಮದ ಮೇಲೆ ಬರೀ ನಡೆಯುವುದಕ್ಕೂ ಕಾಲಿನಲ್ಲಿ ಶಕ್ತಿ ಬೇಕಲ್ವಾ?

ಕಲಿಸುವವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀ ಸಂಸ್ಥೆಯೇ ಇದೆ. ಅಲ್ಲಿ ಕೋರ್ಸ್ ಮಾಡಿದ ಊರಿನ ಹುಡುಗರು ಬೇಕಾದಷ್ಟು ಜನ ಸಿಗುತ್ತಾರೆ. ಕೋರ್ಸ್ ಮಾಡಿದ್ದೀರಾ ಅಂತ ಕೇಳಿ, ತಾಸಿಗೆ ಎಷ್ಟು ಅಂತ ಮೊದಲೇ ಮಾತಾಡಿ. ಸಣ್ಣ ಮಗುವಿಗೆ ಒಬ್ಬರೇ ಗುರು ಇರಲಿ, ದಿನಾ ಅವರೇ ಬರಲಿ. ನಮ್ಮ ಮಗನಿಗೆ ಸಿಕ್ಕಿದ ಹುಡುಗ ಮೊದಲ ದಿನ ಕೋಲು ಕೊಡಲೇ ಇಲ್ಲ. ಎರಡೂ ಕೈ ಮೊಣಕಾಲ ಮೇಲೆ ಇಡಿಸಿ, ತಾನು ಹಿಮ್ಮುಖವಾಗಿ ಜಾರುತ್ತಾ "ಪಿಜ್ಜಾ ಬನಾವೋ, ಪಿಜ್ಜಾ" ಅನ್ನುತ್ತಿದ್ದ. ಹಲಗೆಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಮಾಡಿದರೆ ವೇಗ ಇಳಿಯುತ್ತದೆ, ಅದೇ ಪಿಜ್ಜಾ. ಮಗನ ಹಲಗೆಯ ತುದಿ ಮತ್ತೆ ಮತ್ತೆ ಒಂದರ ಮೇಲೊಂದು ಹತ್ತುತ್ತಿತ್ತು. ಆ ಹುಡುಗ ಬೇಸರವಿಲ್ಲದೆ ಬಗ್ಗಿ ಬಿಡಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಮಗ ತಾನೇ ನಿಂತ. ನಿಂತದ್ದೇ ತಿರುಗಿ ಅಜ್ಜಿ ಎಲ್ಲಿ ಅಂತ ನೋಡಿದ.

ಅಜ್ಜಿ ಹೋಟೆಲಿನ ಜಗಲಿಯ ಬಿಸಿಲಿನಲ್ಲಿ ಕೂತಿದ್ದರು. ಮೈಮೇಲೆ ಕಾಶ್ಮೀರದವರ ಉದ್ದ ನಿಲುವಂಗಿ ಫಿರನ್, ಅದರ ಒಳಗೆ ಕಾಂಗ್ಡಿ. ಬಿದಿರಿನಂಥ ಬುಟ್ಟಿಯೊಳಗೆ ಮಣ್ಣಿನ ಪಾತ್ರೆ, ಅದರಲ್ಲಿ ಕೆಂಡ. ಹೋಟೆಲಿನ ಹಿರಿಯರೊಬ್ಬರು ಅದನ್ನು ಹಿಡಿಯುವುದು ಹೇಗೆ ಅಂತ ತೋರಿಸಿಕೊಟ್ಟಿದ್ದರು. ಅತ್ತೆಗೆ ಹಿಂದಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ, ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. "ಥಂಡಿ ಇದ್ರೂ ಅಡ್ಡಿಲ್ಲೆ, ಮಳೆ ಇಲ್ಲೆ ಅಲ್ದಾ?" ಅಂದರು ನನಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲ ಒಲೆಯ ಎದುರು ಬಟ್ಟೆ ಒಣಗಿಸಿಕೊಂಡು ಬದುಕಿದವರಿಗೆ ಒಣ ಚಳಿ ಕಷ್ಟವೇ ಆಗಲಿಲ್ಲ.

ಬಯಲಿನ ನಡುವಿನ ದಿಬ್ಬದ ಮೇಲೆ ಕೆಂಪು ಚಾವಣಿಯ ಶಿವನ ಗುಡಿ ಇತ್ತು. ಮಹಾರಾಣಿ ಗುಡಿ ಅನ್ನುತ್ತಾರೆ, 1915ರಲ್ಲಿ ಕಟ್ಟಿಸಿದ್ದು. ಅತ್ತೆ ನನ್ನ ತೋಳು ಹಿಡಿದು ನಿಧಾನವಾಗಿ ಹತ್ತಿದರು. ಮೇಲಿನಿಂದ ನೋಡಿದರೆ ಸುತ್ತಲೂ ಬಿಳಿ, ಕೆಳಗೆ ಮೊಮ್ಮಕ್ಕಳು ಎರಡು ಬಣ್ಣದ ಚುಕ್ಕಿ. ಅದೇ ವರ್ಷ ಜೂನ್‌ನಲ್ಲಿ ಆ ಗುಡಿ ಬೆಂಕಿಗೆ ಸುಟ್ಟುಹೋಯಿತು. ಸುದ್ದಿ ಕೇಳಿ ಅತ್ತೆ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ಗೊಂಡೋಲಾ, ಅಂದರೆ ಗುಲ್ಮಾರ್ಗ್‌ನಿಂದ ಪರ್ವತದ ಮೇಲೆ ಹೋಗುವ ರೋಪ್‌ವೇ, ಅದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಎರಡು ಹಂತ. 1998ರಲ್ಲಿ ಶುರುವಾದ ಮೊದಲ ಹಂತ ಕೊಂಗ್ಡೂರಿಗೆ ಹೋಗುತ್ತದೆ, ಸುಮಾರು 3080 ಮೀಟರ್. 2005ರ ಎರಡನೇ ಹಂತ ಅಫರ್ವತ್‌ನ ಮೇಲಕ್ಕೆ, ಸುಮಾರು 3950 ಮೀಟರ್. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಬೇಕು. ಅತ್ತೆಯನ್ನು ಮೊದಲ ಹಂತಕ್ಕೆ ಕರೆದುಕೊಂಡು ಹೋದೆ, ಅಲ್ಲಿಂದ ಮೇಲೆ ಬೇಡ ಅಂದೆ. ಬಿಪಿ, ಹೃದಯ, ಉಬ್ಬಸದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಎರಡನೇ ಹಂತಕ್ಕೆ ಹೋಗಬಾರದು. ತಲೆನೋವು, ವಾಕರಿಕೆ ಶುರುವಾದರೆ ಕೆಳಗೆ ಇಳಿಯುವುದೇ ಮದ್ದು. ಇನ್ನು ಹೊಸದಾಗಿ ಸ್ಕೀ ಕಲಿತವರು ಎರಡನೇ ಹಂತದಿಂದ ಜಾರುವ ಮಾತೇ ಬೇಡ. ಅಲ್ಲಿಯ ಬಹುಪಾಲು ಜಾಗ ಹದ ಮಾಡದ ಪರ್ವತ, ಹಿಮಕುಸಿತದ ಜಾಗ. ನಾವು ವಾಪಸ್ ಬಂದ ಮೇಲೆ, ಅದೇ ಫೆಬ್ರವರಿ 22ಕ್ಕೆ, ಗುಲ್ಮಾರ್ಗ್‌ನ ಮೇಲಿನ ಭಾಗದಲ್ಲಿ ಹಿಮ ಕುಸಿದು ರಷ್ಯಾದ ಸ್ಕೀಯರ್ ಒಬ್ಬರು ಸತ್ತರು. ಅನುಭವ ಇದ್ದವರಿಗೇ ಆ ಗುಡ್ಡ ಅಪಾಯದ್ದು. ಮಗಳು ಮೇಲೆ ಹೋಗಬೇಕು ಅಂತ ಅತ್ತಾಗಲೂ ನಾನು ಒಪ್ಪಲಿಲ್ಲ.

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದ ಮೇಲೆ ಗುಲ್ಮಾರ್ಗ್ ಹೆಸರು ಹೇಳಿದರೆ ಜನ ಹಿಂದೆ ಸರಿಯುತ್ತಾರೆ. ಸತ್ತವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಆ ಭಯ ಸುಳ್ಳು ಅಂತ ನಾನು ಯಾರಿಗೂ ಹೇಳುವುದಿಲ್ಲ. ಆಗ ಮುಚ್ಚಿದ ತಾಣಗಳನ್ನು ಹಂತ ಹಂತವಾಗಿ ತೆರೆದರು. ಹೊರಡುವ ಮೊದಲು ಆ ವಾರದ ಪರಿಸ್ಥಿತಿ ನೋಡಿಕೊಳ್ಳಬೇಕು. ಮನೆಯ ಒಬ್ಬರಿಗೆ ಮನಸ್ಸು ಒಪ್ಪದಿದ್ದರೂ ಹೋಗಬೇಡಿ. ಅಂಥವರಿಗೆ ಮನಾಲಿ ಹೇಳುತ್ತೇನೆ, ಫೆಬ್ರವರಿಯ ನಡುವಾರದ ದಿನಗಳಲ್ಲಿ, ಶನಿವಾರ ಭಾನುವಾರ ಬಿಟ್ಟು. ಬೆಳಿಗ್ಗೆ ಎಂಟಕ್ಕೇ ಸೋಲಂಗ್ ತಲುಪಿದರೆ ಜನ ಬರುವಷ್ಟರಲ್ಲಿ ಮಕ್ಕಳ ಪಾಠ ಮುಗಿದಿರುತ್ತದೆ.

ನಮ್ಮ ಮನೆಯಲ್ಲಿ ಈಗ ಮತ್ತೆ ಚರ್ಚೆ ನಡೆದಿದೆ. ಈ ಸಲ ಮಾವ ಬರುತ್ತೇನೆ ಅಂದಿದ್ದಾರೆ. ಅವರಿಗೆ ಮೊಣಕಾಲು ಗಟ್ಟಿ ಇದೆ, ಅಡಿಕೆ ಮಾತ್ರ ಬಿಡುವುದಿಲ್ಲ. ಕೊಯ್ಲು, ಸುಲಿಯುವುದು ಎಲ್ಲ ಮುಗಿಯಬೇಕೆಂದರೆ ಮಾರ್ಚ್ ಮೊದಲ ವಾರವೇ ಆಗುತ್ತದೆ. ಆಗ ಗುಲ್ಮಾರ್ಗ್‌ನಲ್ಲಿ ಹಿಮ ಇರುತ್ತದೆ, ಮಧ್ಯಾಹ್ನ ಮೆತ್ತಗಾಗುತ್ತದೆ, ಹಾಗಾಗಿ ಬೆಳಿಗ್ಗೆಯೇ ಸ್ಕೀ ಮಾಡಿ ಮುಗಿಸಬೇಕು. ಮಗಳ ಪರೀಕ್ಷೆ ಯಾವಾಗ ಅಂತ ಶಾಲೆಯವರು ಇನ್ನೂ ಹೇಳಿಲ್ಲ. ಹೋಟೆಲಿನವರಿಗೆ ಫೋನ್ ಮಾಡಿ ನೆಲಮಹಡಿಯ ಎರಡು ರೂಮು ಹಿಡಿದಿಡಲು ಹೇಳಿದ್ದೇನೆ.